ನಂಬರ್ ಅಳಿಸಿಹೋದ ಟ್ರಾನ್ಸಿಸ್ಟರ್‌ಗೆ ಬದಲಿ ಯಾವುದು?

ಪ್ರಶ್ನೆ: ನನ್ನ ಹ್ಯಾಮ್ ರೇಡಿಯೊದ ಹಳೇ 20 ಆಂಪಿಯರ್ ಪವರ್ ಸಪ್ಲೈ 13.8 ವೋಲ್ಟ್ ಬದಲು 21 ವೋಲ್ಟ್ ಕೊಡುತ್ತಿದೆ. ಹೀಟ್ ಸಿಂಕ್ ಮೇಲೆ ಲೋಹದ ದೊಡ್ಡ ಟ್ರಾನ್ಸಿಸ್ಟರ್ ನಾಲ್ಕಿವೆ. ಒಂದರ ನಂಬರ್ ಪೂರ್ತಿ ಅಳಿಸಿಹೋಗಿದೆ. ಉಳಿದ ಮೂರರ ಮೇಲೆ ಯಾವುದೋ ನಂಬರ್, ಅದರ ಕೆಳಗೆ 8432 ಅಂತಿದೆ. ಎರಡಕ್ಕೂ ಡೇಟಾಶೀಟ್ ಸಿಗಲಿಲ್ಲ. ಅಂಗಡಿಯವರು 2ಎನ್3055 ಹಾಕಿದರೆ ಸಾಕು ಎನ್ನುತ್ತಾರೆ. ಹಾಕಲೇ?
– ಓದುಗರು, ಹಾಸನ

ಉತ್ತರ: ಮೊದಲು ರೇಡಿಯೊ ವೈರ್ ಕಿತ್ತಿಡಿ. ಸಾಮಾನ್ಯವಾಗಿ ಈ ಸೆಟ್‌ಗಳು 13.8ರ ಮೇಲೆ ಶೇ 15 ಜಾಸ್ತಿ, ಅಂದರೆ 16 ವೋಲ್ಟ್ ಹತ್ತಿರದವರೆಗೆ ತಡೆಯುತ್ತವೆ, 21 ಅಂದರೆ ಸೆಟ್ ಹೋಯಿತು ಅಂತಲೇ ಲೆಕ್ಕ.

8432 ಟ್ರಾನ್ಸಿಸ್ಟರ್ ನಂಬರೇ ಅಲ್ಲ. 1984ರ 32ನೇ ವಾರದಲ್ಲಿ ತಯಾರಾದದ್ದು ಅಂತ ಅದರ ಅರ್ಥ. ಮೇಲಿನದು ಬಹುಶಃ ಪವರ್ ಸಪ್ಲೈ ಕಂಪನಿ ತನಗಾಗಿ ಹೊಡೆಸಿಕೊಂಡ ನಂಬರ್, ಅದನ್ನು ಹುಡುಕುತ್ತಾ ಕೂರಬೇಡಿ. ಸರ್ಕ್ಯೂಟ್‌ನಲ್ಲಿ ಅದು ಏನು ಕೆಲಸ ಮಾಡುತ್ತಿದೆ ನೋಡಿದರೆ ಬದಲಿ ತಾನೇ ಗೊತ್ತಾಗುತ್ತದೆ.

ಒಳಗಿನ 21 ವೋಲ್ಟನ್ನು 13.8ಕ್ಕೆ ಇಳಿಸುವುದೇ ಇವುಗಳ ಕೆಲಸ, ಶಾರ್ಟ್ ಆದರೆ 21 ನೇರ ಹೊರಗೆ ಬರುತ್ತದೆ. ನಾಲ್ಕೂ ಪ್ಯಾರಲಲ್‌ನಲ್ಲಿ, ಅಂದರೆ ಕರೆಂಟ್ ಹಂಚಿಕೊಳ್ಳುವಂತೆ ಅಕ್ಕಪಕ್ಕ, ಇರುವುದರಿಂದ ಒಂದು ಶಾರ್ಟ್ ಆದರೆ ಮೀಟರ್‌ಗೆ ನಾಲ್ಕೂ ಶಾರ್ಟ್ ಆದ ಹಾಗೇ ಕಾಣುತ್ತದೆ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಒಂದೊಂದನ್ನೇ ಬಿಚ್ಚಿ ನೋಡಿ. ಮೀಟರ್ ಡಯೋಡ್ ಸ್ಥಾನದಲ್ಲಿರಲಿ. ಚೆನ್ನಾಗಿರುವ ಟ್ರಾನ್ಸಿಸ್ಟರ್‌ನಲ್ಲಿ ಕೆಂಪು ತಂತಿ ಬೇಸ್ (ಕರೆಂಟ್ ನಿಯಂತ್ರಿಸುವ ಕಾಲು) ಮೇಲಿಟ್ಟು ಕಪ್ಪನ್ನು ಇನ್ನೊಂದು ಕಾಲಾದ ಎಮಿಟರ್‌ಗೂ ಮೈಗೂ ತಾಗಿಸಿದರೆ ಸುಮಾರು 0.5ರಿಂದ 0.7 ಬರುತ್ತದೆ, ಮೈಯೇ ಕಲೆಕ್ಟರ್. ಹೀಗೆ ಬಂದರೆ ಎನ್‌ಪಿಎನ್, 3055ರ ಜಾತಿ. ಕಪ್ಪು ತಂತಿ ಬೇಸ್ ಮೇಲಿದ್ದಾಗ ಮಾತ್ರ ಬಂದರೆ ಪಿಎನ್‌ಪಿ, ಅಂದರೆ ಕರೆಂಟ್ ತಿರುಗಾ ದಿಕ್ಕಿನದು, ಆಗ 3055 ಮಾತೇ ಬೇಡ.

ಈಗ ಲೆಕ್ಕ. 20 ಆಂಪಿಯರ್ ನಾಲ್ಕಕ್ಕೆ ಹಂಚಿದರೆ ತಲಾ 5. ಒಳಗೆ 21, ಹೊರಗೆ 13.8, ಹೆಚ್ಚೆಂದರೆ 7 ವೋಲ್ಟ್ ಚಿಲ್ಲರೆ ಅದರ ಮೇಲೆ ಬೀಳುತ್ತದೆ. ಅಲ್ಲಿಗೆ ತಲಾ 35 ವಾಟ್ ಬಿಸಿ. 3055 ತಡೆಯುವುದು 60 ವೋಲ್ಟ್, 15 ಆಂಪಿಯರ್, 115 ವಾಟ್. ಆ 115 ಮೈ 25 ಡಿಗ್ರಿ ಇದ್ದಾಗಿನ ಮಾತು, 100 ಡಿಗ್ರಿ ಆದಾಗ 65ರ ಆಸುಪಾಸಿಗೆ ಇಳಿಯುತ್ತದೆ, ಆದರೂ ಸಾಕು. ತೊಂದರೆ ಇರುವುದು ಗೇನ್‌ನಲ್ಲಿ, ಅಂದರೆ ಬೇಸ್‌ಗೆ ಕೊಟ್ಟ ಕರೆಂಟ್‌ನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಎನ್ನುವುದರಲ್ಲಿ. ಡೇಟಾಶೀಟ್ ಪ್ರಕಾರ 4 ಆಂಪಿಯರ್‌ಗೆ ಕನಿಷ್ಠ 20, 10 ಆಂಪಿಯರ್‌ಗೆ ಬರೀ 5. ಹಳೇ ಮೂರರ ಗೇನ್ ಜಾಸ್ತಿ ಇದ್ದರೆ ಹೊಸದು ಸೋಮಾರಿಯಾಗಿ ಕೂರುತ್ತದೆ, ಭಾರ ಎಲ್ಲ ಹಳೆಯವರ ತಲೆಗೆ. ಹಾಗಾಗಿ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ನನ್ನನ್ನು ಕೇಳಿದರೆ 2ಎನ್3772 ಹಾಕಿ: ಅದೂ 60 ವೋಲ್ಟ್, ಆದರೆ 20 ಆಂಪಿಯರ್, 150 ವಾಟ್. ತೂತುಗಳೂ ಅವೇ.

ಭಾರ ಸಮನಾಗಿ ಹಂಚಲು ಒಂದೊಂದು ಎಮಿಟರ್‌ಗೂ ಹಾಕಿರುವ ರೆಸಿಸ್ಟರ್‌ಗಳನ್ನೂ ಅಳೆಯಿರಿ, ಟ್ರಾನ್ಸಿಸ್ಟರ್ ಜೊತೆಗೆ ಅವೂ ಸುಟ್ಟಿರುವುದುಂಟು. ಆಮೇಲೆ ಕಾರಿನ ಹೆಡ್‌ಲೈಟ್ ಬಲ್ಬ್‌ಗಳನ್ನು ಲೋಡ್ ಹಾಕಿ ಒಂದೊಂದು ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿ. 0.1 ಓಮ್ ಇದ್ದರೆ 5 ಆಂಪಿಯರ್‌ಗೆ ಅರ್ಧ ವೋಲ್ಟ್. ನಾಲ್ಕೂ ಹೆಚ್ಚುಕಡಿಮೆ ಒಂದೇ ಬಂದರೆ ಸರಿ. ಒಂದು 0.2 ತೋರಿಸಿ ಉಳಿದವು 0.6 ತೋರಿಸಿದರೆ ಆ ಒಂದನ್ನು ತೆಗೆಯಿರಿ. ಮೈ ಹೀಟ್ ಸಿಂಕ್‌ಗೆ ತಾಗದಂತೆ ನಡುವೆ ಇಡುವ ಮೈಕಾ ಹಾಳೆ, ಬಿಸಿ ದಾಟಿಸುವ ಹೀಟ್ ಸಿಂಕ್ ಪೇಸ್ಟ್ ಮರೆಯಬೇಡಿ.

ನಕಲಿ 3055 ಬಗ್ಗೆ ಎಚ್ಚರ. ಅಕ್ಷರ ಅಸಲಿಯದ್ದೇ, ಒಳಗಿನ ಚಿಪ್ ಮಾತ್ರ ತೀರಾ ಚಿಕ್ಕದು. ತೀರಾ ಅಗ್ಗಕ್ಕೆ ಸಿಕ್ಕರೆ ಒಂದು ಜಾಸ್ತಿ ತಂದು ಮುಚ್ಚಳ ಗರಗಸದಲ್ಲಿ ಕೊಯ್ದು ಸುಟ್ಟುಹೋದ ಹಳೆಯದರ ಪಕ್ಕ ಇಟ್ಟು ನೋಡಿ, ಸುಮ್ನೆ ಗೊತ್ತಾಗುತ್ತೆ.

ಪ್ರಶ್ನೆ: ದೊಡ್ಡ ಟ್ರಾನ್ಸಿಸ್ಟರ್‌ಗಳ ಬೇಸ್‌ಗೆ ಕರೆಂಟ್ ಕೊಡುವ ಡ್ರೈವರ್ ಟ್ರಾನ್ಸಿಸ್ಟರ್ ಮೇಲೆ ಬರೀ ಡಿ880 ಅಂತಿದೆ. ಏನಿದು?
– ಓದುಗರು, ತುಮಕೂರು

ಉತ್ತರ: 2ಎಸ್‌ಡಿ880. ಜಪಾನ್‌ನವರು ಮುಂದಿನ 2ಎಸ್ ಹೊಡೆಯುವುದಿಲ್ಲ. ಎನ್‌ಪಿಎನ್, 60 ವೋಲ್ಟ್, 3 ಆಂಪಿಯರ್. ಸಿಗದಿದ್ದರೆ ಟಿಐಪಿ41ಸಿ ಹಾಕಿ, ಕಾಲುಗಳೂ ಅದೇ ಸಾಲಲ್ಲಿವೆ: ಬೇಸ್, ಕಲೆಕ್ಟರ್, ಎಮಿಟರ್.