ಅಮ್ಮ ಹೇಳದೇ ಬಿಟ್ಟ ಹರಳೆಣ್ಣೆ

ನಿಮ್ಮ ಮೆಸೇಜ್ ಬಂದಾಗ ನಾನು ಹನುಮಂತನಗರದಲ್ಲಿ, ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದೆ. ಮುಂದೆ ಮೊರದ ತುಂಬ ಅವರೆಕಾಯಿ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು ಅಂತ ನವೆಂಬರ್ ಕೊನೆಗೇ ಬಂದೆ. ಕಡಲೆಕಾಯಿ ಪರಿಷೆ ಮುಗಿದು ವಾರ ಆಗಿದೆ, ಬುಲ್ ಟೆಂಪಲ್ ರಸ್ತೆಯಲ್ಲಿ ಅಲ್ಲೊಂದು ಇಲ್ಲೊಂದು ಗಾಡಿ ಇನ್ನೂ ನಿಂತಿದೆ. ನೀವು ಲಂಡನ್ನಿನ ಹ್ಯಾರೋಗೆ ಬಂದು ಎರಡು ತಿಂಗಳು. ನಾನು ಲಂಡನ್ನಿಗೆ ಹೋಗಿ 19 ವರ್ಷ. ಇವತ್ತು ನೀವು ಅಲ್ಲಿ, ನಾನು ಇಲ್ಲಿ.

ನೀವು ಕೇಳಿದ್ದು ಇಷ್ಟು. ಮಲ್ಲೇಶ್ವರದ ಅತ್ತೆ ಮನೆಯನ್ನು ಫೆಬ್ರವರಿಯಲ್ಲಿ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಕ್ರಿಸ್‌ಮಸ್ ರಜೆಗೆ ಹತ್ತು ದಿನ ಬರುತ್ತೀರಿ. ಆ ಮನೆಯಿಂದ ಏನೇನು ತರಬೇಕು? ನಾಲ್ಕು ವರ್ಷದ ಮಗಳಿಗೆ ನಮ್ಮ ಹಬ್ಬ, ಊಟ, ಮಾತು ಉಳಿಯುತ್ತಾ, ಅಥವಾ ಎಲ್ಲರೂ ಸುಮ್ನೆ ಹಾಗೆ ಹೇಳುತ್ತಾರಾ?

ಉಳಿಯುತ್ತೆ. ಆದರೆ ಹತ್ತು ದಿನದಲ್ಲಿ ಸೂಟ್‌ಕೇಸ್ ತುಂಬುವುದಕ್ಕೆ ಒಂದೇ ದಿನ ಕೊಡಿ. ಉಳಿದ ಒಂಬತ್ತು ದಿನ ನಿಮ್ಮ ಅತ್ತೆ ಪಕ್ಕದಲ್ಲಿ ನಿಂತುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ನಾನು ಲಂಡನ್ನಿನಲ್ಲಿ ಸಾರಿನ ಪುಡಿ ಮಾಡಲು ಶುರು ಮಾಡಿ 15 ವರ್ಷ ಆಯಿತು. ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೆ. ಮೂರು ಹಿಡಿ ಕೊತ್ತಂಬರಿ ಬೀಜ, ಅರ್ಧ ಹಿಡಿ ಜೀರಿಗೆ, ಅದಕ್ಕಿಂತ ಕಡಿಮೆ ಮೆಣಸು, ಚೂರು ಮೆಂತ್ಯ, ಸಾಸಿವೆ, ಬ್ಯಾಡಗಿ ಜಾಸ್ತಿ, ಗುಂಟೂರು ನಾಲ್ಕೇ ನಾಲ್ಕು. ಪ್ರತಿ ಸಲ ಚೆನ್ನಾಗೇ ಆಗುತ್ತಿತ್ತು, ಆದರೆ ಅಮ್ಮನ ಸಾರು ಆಗುತ್ತಿರಲಿಲ್ಲ. ನೀರು ಬೇರೆ, ಒಲೆ ಬೇರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಸಲ ಕಣ್ಣಿಗೆ ಹೊಗೆ ತಾಗಬಾರದು ಅಂತ ಅಮ್ಮನನ್ನು ಸ್ಟೂಲ್ ಮೇಲೆ ಕೂರಿಸಿ ನಾನು ಹುರಿದೆ. ಅಮ್ಮ ಹಿಡಿ ಹಿಡಿ ಎತ್ತಿ ಕೊಟ್ಟಳು. ಯಾಕೋ ಅನುಮಾನ ಬಂದು ತೂಕ ಮಾಡಿದೆ. ಅಮ್ಮನ ಒಂದು ಹಿಡಿ ಕೊತ್ತಂಬರಿ ಬೀಜ 24 ಗ್ರಾಂ. ನನ್ನ ಹಿಡಿ 31. ಅಮ್ಮನ ಕೈ ಅಷ್ಟು ಚಿಕ್ಕದು ಅಂತ ನನಗೆ ಗೊತ್ತೇ ಇರಲಿಲ್ಲ.

ಅದಾದ ಮೇಲೆ ಮೆಣಸಿನಕಾಯಿ. ಬಾಣಲೆಗೆ ಹಾಕಲು ಹೋದೆ. "ಇರು, ಹರಳೆಣ್ಣೆ ಎಲ್ಲಿ?" ಅಂದಳು. ಶೆಲ್ಫಿನ ಮೂಲೆಯಲ್ಲಿ ಔಷಧಿ ಬಾಟಲಿಯಂಥದ್ದು ಒಂದು ಇತ್ತು. ಅದರಿಂದ ಅರ್ಧ ಚಮಚ ಹಾಕಿಸಿ, ಆಮೇಲೆ ಮೆಣಸಿನಕಾಯಿ ಹುರಿಸಿದಳು. ಕಾಯಿ ಉಬ್ಬಿ, ಗರಿಗರಿಯಾಗಿ, ಬಣ್ಣ ಕಪ್ಪಾಗದೆ ಕೆಂಪಗೇ ಉಳಿಯಿತು. ಆ ಘಮ ಬಂತು ನೋಡಿ, ನಾನು ಸ್ಕೂಲಿನಿಂದ ಬಂದು ಬ್ಯಾಗ್ ಇಡುವಾಗ ಬರುತ್ತಿದ್ದ ಘಮ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮ?" ಅಂದೆ. "ಹೇಳೋದೇನಿದೆ ಅದರಲ್ಲಿ? ಎಲ್ಲರೂ ಹಾಕ್ತಾರಲ್ಲ."

ಅವರಿಗೆ ಯಾವುದು ಉಸಿರಾಡಿದಷ್ಟು ಸಹಜವೋ ಅದನ್ನು ಅವರು ಹೇಳುವುದಿಲ್ಲ. ನಮಗೆ ಅದನ್ನು ಕೇಳಬೇಕು ಅಂತಲೂ ಹೊಳೆಯುವುದಿಲ್ಲ. ಮೊದಲು ಕಳೆದುಹೋಗುವುದು ಅದೇ. ಬೆಳ್ಳಿ ತಟ್ಟೆ, ರೇಷ್ಮೆ ಸೀರೆ ಯಾರಾದರೂ ಜೋಪಾನ ಮಾಡಿಯೇ ಮಾಡುತ್ತಾರೆ. ಹರಳೆಣ್ಣೆಯನ್ನು ಯಾರೂ ಮಾಡುವುದಿಲ್ಲ. ಆದ್ದರಿಂದ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಅತ್ತೆಯ ಹಿಡಿ, ಪಾವು, ಚಟಾಕು ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ. ಪಾವು ಅಂದರೆ ಸೇರಿನ ಕಾಲು ಭಾಗ, ಸರಿ. ಆದರೆ ಅವರು ತಲೆ ತಟ್ಟಿ ಅಳೆಯುತ್ತಾರಾ, ಗೋಪುರ ಕಟ್ಟಿ ಅಳೆಯುತ್ತಾರಾ, ಅದನ್ನು ನೋಡಿ ಬರೆಯಬೇಕು.

ಮಾತು ರೆಕಾರ್ಡ್ ಮಾಡುವುದೂ ಹೀಗೇ. ಮೊದಲ ಸಲ ನಾನು ಫೋನನ್ನು ಎದುರಿಗೆ ಇಟ್ಟು "ಅಮ್ಮ, ಹಳೇ ಕಥೆ ಏನಾದ್ರೂ ಹೇಳು" ಅಂದೆ. ಅವಳು ಸೆರಗು ಸರಿಮಾಡಿಕೊಂಡು "ಎಲ್ಲರಿಗೂ ನಮಸ್ಕಾರ" ಅಂತ ಶುರು ಮಾಡಿ ಎರಡು ನಿಮಿಷಕ್ಕೆ ಮುಗಿಸಿದಳು. ಮೊನ್ನೆ ಫೋನನ್ನು ಪಕ್ಕದ ಡಬ್ಬಕ್ಕೆ ಒರಗಿಸಿ, ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತೆವು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಳ್ಳನೆ ಹಾರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತೆ. ಒಂದು ಗಂಟೆ ಹತ್ತು ನಿಮಿಷ ಮಾತಾಡಿದಳು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಬಚ್ಚಲ ಒಲೆಗೆ ಸೌದೆ ಎಲ್ಲಿಂದ ಬರುತ್ತಿತ್ತು ಅಂತ ನನಗೆ ಮೊದಲ ಸಲ ಗೊತ್ತಾಯಿತು. ಹಾಗಾಗಿ ದೊಡ್ಡ ಪ್ರಶ್ನೆ ಬೇಡ. "ಅತ್ತೆ, ಈ ಹಿತ್ತಾಳೆ ಡಬ್ಬದಲ್ಲಿ ಏನಿಡ್ತಿದ್ರಿ?" ಅಂತ ಕೇಳಿ ನೋಡಿ.

ಮನೆ ಒಡೆಯುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಅತ್ತೆ ಮಾವ ಇಬ್ಬರನ್ನೂ ಕರೆದುಕೊಂಡು ಗೇಟಿನಿಂದ ಹಿತ್ತಲ ತನಕ ವಿಡಿಯೋ ಮಾಡುತ್ತಾ ನಡೆಯಿರಿ. ಪ್ರತಿ ಕೋಣೆಯಲ್ಲಿ ನಿಂತು, ಇಲ್ಲಿ ಯಾರು ಮಲಗುತ್ತಿದ್ದರು, ಬಾಣಂತನ ಎಲ್ಲಿ ಆಯಿತು ಅಂತ ಕೇಳಿ. ಹಳೇ ಕ್ಯಾಲೆಂಡರ್ ಸಿಕ್ಕರೆ ಎಸೆಯಬೇಡಿ. ಹಾಲಿನ ಲೆಕ್ಕ, ಸಿಲಿಂಡರ್ ಬದಲಿಸಿದ ತಾರೀಖು, ಯಾರೋ ಊರಿಗೆ ಹೊರಟ ದಿನ, ಎಲ್ಲ ಅದರಲ್ಲಿ ಇರುತ್ತೆ. ನಮ್ಮ ಮನೆಯಲ್ಲಿ ಅಪ್ಪನ ಅಕ್ಷರ ಜಾಸ್ತಿ ಉಳಿದಿರುವುದು ಅಂಥ ಕ್ಯಾಲೆಂಡರುಗಳಲ್ಲೇ.

ಫೋಟೋಗಳ ವಿಷಯಕ್ಕೆ ಬಂದರೆ, ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂ ಇರುತ್ತಲ್ವಾ, ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋವನ್ನು ಹಿಡಿದುಬಿಡುತ್ತೆ. ಬಲವಂತವಾಗಿ ಕೀಳಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಪುಟ್ಟ ಕಪ್ಪು-ಬಿಳುಪು ಫೋಟೋಗಳನ್ನು 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ ಅದು) ಮಾಡಿ, ಮುಖ ದೊಡ್ಡದು ಮಾಡಿದರೂ ಸ್ಪಷ್ಟ ಕಾಣುತ್ತೆ. ಹಿಂದೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಬಳಸಿ, ಬಾಲ್‌ಪೆನ್ ಒತ್ತಿದರೆ ಮುಂದೆ ಗುರುತು ಮೂಡುತ್ತೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಫೋಟೋವನ್ನು ಕುಗ್ಗಿಸುತ್ತೆ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಬೆಂಗಳೂರಿನಲ್ಲಿ, ಒಂದು ಕ್ಲೌಡಿನಲ್ಲಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮಜ್ಜಿ ಶುಕ್ರವಾರದ ಆರತಿ ಹಾಡು ಹೇಳುತ್ತಿದ್ದದ್ದನ್ನು 1994ರಲ್ಲಿ ಅಪ್ಪ ಕ್ಯಾಸೆಟ್ಟಿಗೆ ಹಿಡಿದಿದ್ದರು. ಅದನ್ನು ನಾನೇ ಆಸೆಪಟ್ಟು ಲಂಡನ್ನಿಗೆ ತಂದೆ, ರೇಡಿಯೇಟರ್ ಮೇಲಿನ ಶೆಲ್ಫಿನಲ್ಲಿ ದೇವರ ಫೋಟೋ ಪಕ್ಕ ಇಟ್ಟೆ. ಎಂಟು ಚಳಿಗಾಲದ ಬಿಸಿಗೆ ಟೇಪ್ ಹಾಳಾಯಿತು. ಈಗ ಅಜ್ಜಿ ದನಿ ಒಂದೂವರೆ ಸಾಲು ಕೇಳಿಸುತ್ತೆ, ಆಮೇಲೆ ಬರೀ ಗೊರಗೊರ. ಆ ಹಾಡು ಪೂರ್ತಿ ಬರುವವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಕ್ಯಾಸೆಟ್ ಏನಾದರೂ ಇದ್ದರೆ ಇದೇ ರಜೆಯಲ್ಲಿ ಡಿಜಿಟಲ್ ಮಾಡಿಸಿಬಿಡಿ, ಮುಂದಿನ ಸಲಕ್ಕೆ ಇಡಬೇಡಿ.

ಇನ್ನು ಸಾಮಾನು. ಗೊಂಬೆ ಪೆಟ್ಟಿಗೆ ಪೂರ್ತಿ ತರುವ ಆಸೆ ಅಂದಿರಿ. ಪಟ್ಟದ ಗೊಂಬೆ ಜೋಡಿ ಮಾತ್ರ ತನ್ನಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ. ಉಳಿದದ್ದು ವರ್ಷಕ್ಕೊಂದು ಸೇರುತ್ತೆ. ನಮ್ಮ ಮೆಟ್ಟಿಲಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಸಾಲಿಗೆ ಒಂದು ಕೆಂಪು ಡಬಲ್ ಡೆಕ್ಕರ್ ಬಸ್ಸೂ ಇದೆ. ಮಗ ಐದು ವರ್ಷದವನಿದ್ದಾಗ ಇಟ್ಟದ್ದು, ಈಗ ಅವನಿಗೆ 17, ಇವತ್ತಿಗೂ ಅದನ್ನು ಅವನೇ ಇಡಬೇಕು. ಸಕ್ಕರೆ ಅಚ್ಚಿನ ಮರದ ಅಚ್ಚುಗಳು ಸಿಕ್ಕರೆ ಬಿಡಬೇಡಿ. ತುಪ್ಪ, ಪೇಡ ಬೇಡ, ಭಾರತದಿಂದ ಹಾಲಿನ ಪದಾರ್ಥ ಅಲ್ಲಿಗೆ ತರುವ ಹಾಗಿಲ್ಲ. ಅವರೆ ಚಿಂತೆ ಬೇಡ. ಗುಜರಾತಿ ಅಂಗಡಿಯಲ್ಲಿ ಪಾಪ್ಡಿ ಲೀಲ್ವಾ ಅಂತ ಫ್ರೋಜನ್ ಸಿಗುತ್ತೆ. ಸೊಗಡು ಇರುವುದಿಲ್ಲ, ಹುಳಿಗೆ ನಡೆಯುತ್ತೆ.

ಹಬ್ಬ ಶನಿವಾರಕ್ಕೆ ತಳ್ಳಬಹುದಾ ಅಂತ ಕೇಳಿದ್ದೀರಿ. ಊಟಕ್ಕೆ ಜನ ಕರೆಯುವುದು ಶನಿವಾರ ಇಟ್ಟುಕೊಳ್ಳಿ. ಆದರೆ ಯುಗಾದಿ ದಿನ ಬೇವು-ಬೆಲ್ಲ ಆ ದಿನವೇ, ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ, ಹತ್ತು ನಿಮಿಷ ಆದರೂ ಸರಿ. ಮಕ್ಕಳಿಗೆ ನೆನಪು ಉಳಿಯುವುದು ದೊಡ್ಡ ಪಾರ್ಟಿಯಲ್ಲಿ ಅಲ್ಲ, ಯೂನಿಫಾರಂ ಹಾಕಿಕೊಂಡು ಕಹಿಗೆ ಮುಖ ಕಿವುಚಿದ್ದರಲ್ಲಿ. ದಸರೆಗೆ ಊರಿಗೆ ಬರುವ ಕನಸು ಕಾಣಬೇಡಿ. ಮಗಳಿಗೆ ಐದು ತುಂಬಿದ ಮೇಲೆ ಸ್ಕೂಲು ನಡೆಯುವಾಗ ರಜೆ ಹಾಕಿಸಿದರೆ ಅಲ್ಲಿ ದಂಡ ಬೀಳಬಹುದು. ಜುಲೈ-ಆಗಸ್ಟಿನ ಆರು ವಾರದ ರಜೆಯಲ್ಲಿ ವರಮಹಾಲಕ್ಷ್ಮಿ ಸಾಮಾನ್ಯವಾಗಿ ಸಿಗುತ್ತೆ, ಅದನ್ನು ಅಜ್ಜಿ ಮನೆ ಹಬ್ಬ ಅಂತ ಮಾಡಿಕೊಳ್ಳಿ.

ಭಾನುವಾರದ ವಿಡಿಯೋ ಕಾಲ್ ನಮ್ಮದು ಅಲ್ಲಿಯ ಬೆಳಿಗ್ಗೆ 9ಕ್ಕೆ, ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2:30. ಮಾರ್ಚ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋದಾಗ ಇಲ್ಲಿ 1:30 ಆಗುತ್ತೆ. ಅದನ್ನು ಅತ್ತೆಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಊಟ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾರೆ. ಮಕ್ಕಳಿಗೆ "ಊಟ ಆಯ್ತಾ" ಆದ ಮೇಲೆ ಮಾತು ಸಿಗುವುದಿಲ್ಲ. ನಾವು ವಾರಕ್ಕೊಂದು ಹಳೇ ಫೋಟೋ ನಮ್ಮ ಮಗಳ ಕೈಗೆ ಕೊಡುತ್ತೇವೆ, ಇವರು ಯಾರು ಅಂತ ಅವಳು ಅಜ್ಜಿಯನ್ನು ಕೇಳಬೇಕು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಕನ್ನಡ ತಾನಾಗಿ ಬಂತು.

ನಾನು ಜನವರಿ 4ಕ್ಕೆ ವಾಪಸ್ಸು. ಗಾಂಧಿ ಬಜಾರಿನಲ್ಲಿ ನಿಮಗೂ ಒಂದು ಜೊತೆ ಅಚ್ಚು ಹುಡುಕುತ್ತೇನೆ. ನೆನೆಹಾಕಿ, ದಾರ ಕಟ್ಟಿ, ಪಾಕ ಹೊಯ್ಯುವುದನ್ನು ನಮ್ಮ ಮನೆಯಲ್ಲೇ ಒಟ್ಟಿಗೆ ಮಾಡೋಣ. ಸಂಕ್ರಾಂತಿ ಸಂಜೆ ಮಗಳಿಗೆ ಲಂಗ ಹಾಕಿ ಎಳ್ಳು ಬೀರಲು ಕರೆದುಕೊಂಡು ಬನ್ನಿ. ಬರುವಾಗ ನಿಮ್ಮ ಅತ್ತೆಯ ಸಾರಿನ ಪುಡಿ ಒಂದು ಚಮಚ ತನ್ನಿ, ಅವರು ಹರಳೆಣ್ಣೆ ಹಾಕುತ್ತಾರಾ ನೋಡಬೇಕು.