ಪ್ರಶ್ನೋತ್ತರ: ಪ್ರೊಜೆಕ್ಟರ್‌ನಲ್ಲಿ ‘ನೋ ಸಿಗ್ನಲ್’ ಬಂದರೆ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಹಳೇ ಪ್ರೊಜೆಕ್ಟರ್‌ನಲ್ಲಿ ವಿಜಿಎ ಮಾತ್ರ ಇದೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ. ನಡುವೆ ಕನ್ವರ್ಟರ್ ಹಾಕಿದರೂ ‘ನೋ ಸಿಗ್ನಲ್’ ಎಂದೇ ಬರುತ್ತದೆ. ಏನು ಮಾಡಲಿ?
– ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮೊದಲು ಕನ್ವರ್ಟರ್ ಪರೀಕ್ಷಿಸಿ, ಮೇಡಂ. ಎಚ್‌ಡಿಎಂಐನಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್, ವಿಜಿಎಯಲ್ಲಿ ಅನಲಾಗ್. ಇದನ್ನು ಬದಲಿಸಲು ಒಳಗೆ ಚಿಪ್ ಇರಲೇಬೇಕು. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದಕ್ಕೆ ವಿಜಿಎ ಕೂರಿಸಿದ ಬರೀ ಕೇಬಲ್‌ಗಳೂ ಅಗ್ಗಕ್ಕೆ ಸಿಗುತ್ತವೆ. ಚಿಪ್ ಇಲ್ಲದಿದ್ದರೆ ಆ ದುಡ್ಡು ದಂಡ. ಪೊಟ್ಟಣದ ಮೇಲೆ ‘ಎಚ್‌ಡಿಎಂಐ ಟು ವಿಜಿಎ’ ಎಂದೇ ಇರಬೇಕು. ‘ವಿಜಿಎ ಟು ಎಚ್‌ಡಿಎಂಐ’ ಬೇರೆ ವಸ್ತು, ತಿರುಗಿಸಿ ಹಾಕಿದರೆ ನಡೆಯದು. ಕನ್ವರ್ಟರ್‌ನ ಪಕ್ಕದಲ್ಲಿ ಮೈಕ್ರೊ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೂ ಲ್ಯಾಪ್‌ಟಾಪ್‌ನಿಂದ ಪವರ್ ಕೊಟ್ಟು ನೋಡಿ. ಚಿತ್ರ ಬಂದು ಬಂದು ಹೋಗುತ್ತಿದ್ದರೆ ಹಲವು ಸಲ ಇದೇ ಕಾರಣ.

ಕನ್ವರ್ಟರ್ ಸರಿಯಿದ್ದರೆ ರಿಮೋಟ್‌ನ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ ‘ಕಂಪ್ಯೂಟರ್’ ಅಥವಾ ‘ವಿಜಿಎ’ ಆರಿಸಿ. ಕೆಲವು ಪ್ರೊಜೆಕ್ಟರ್‌ಗಳಲ್ಲಿ ನೋಡಲು ಒಂದೇ ತರಹದ ಎರಡು ವಿಜಿಎ ಕಿಂಡಿಗಳಿರುತ್ತವೆ. ‘ಮಾನಿಟರ್ ಔಟ್’ ಎಂದು ಬರೆದದ್ದು ಹೊರಹೋಗುವ ದಾರಿ, ಕೇಬಲ್ ಅದಕ್ಕೆ ಹಾಕಬೇಡಿ.

ನಂತರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀಲಿ ಹಿಡಿದು ‘ಪಿ’ ಒತ್ತಿ, ‘ಡೂಪ್ಲಿಕೇಟ್’ ಆರಿಸಿ. ಪಾಠದ ಟಿಪ್ಪಣಿ ನಿಮಗಷ್ಟೇ ಕಾಣಬೇಕಿದ್ದರೆ ‘ಎಕ್ಸ್‌ಟೆಂಡ್’ ಒಳ್ಳೆಯದು. ‘ನೋ ಸಿಗ್ನಲ್’ ಹೋಗಿ ‘ಔಟ್ ಆಫ್ ರೇಂಜ್’ ಎಂದು ಬಂದರೆ ಸಂತೋಷಪಡಿ: ಸಂಪರ್ಕ ಆಗಿದೆ, ಲ್ಯಾಪ್‌ಟಾಪ್ ಕಳಿಸುವ ಚಿತ್ರ ಪ್ರೊಜೆಕ್ಟರ್‌ನ ಶಕ್ತಿ ಮೀರಿದೆ ಅಷ್ಟೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1024×768ಕ್ಕೆ, ರಿಫ್ರೆಶ್ ರೇಟ್ 60 ಹರ್ಟ್ಸ್‌ಗೆ ಇಳಿಸಿ.

ಪ್ರಶ್ನೆ: ಚಿತ್ರವೆಲ್ಲ ಹಳದಿಯಾಗಿ ಕಾಣುತ್ತದೆ. ಲ್ಯಾಂಪ್ ಹೋಯಿತೇ?
– ಓದುಗರು, ಗದಗ

ಉತ್ತರ: ಪ್ರೊಜೆಕ್ಟರ್‌ನ ಮೆನು ತೆರೆಯಿರಿ. ಮೆನುವಿನ ಬಣ್ಣಗಳು ಸರಿಯಿದ್ದು ಕಂಪ್ಯೂಟರ್‌ನ ಚಿತ್ರ ಮಾತ್ರ ಹಳದಿಯಿದ್ದರೆ ಲ್ಯಾಂಪ್‌ನದಲ್ಲ, ವಿಜಿಎ ಕೇಬಲ್‌ನದೇ ತೊಂದರೆ. ಅದರ 15 ಪಿನ್‌ಗಳಲ್ಲಿ 1ನೆಯದು ಕೆಂಪು, 2 ಹಸಿರು, 3 ನೀಲಿ. ನೀಲಿ ತಪ್ಪಿದರೆ ಬಿಳಿ ಹಿನ್ನೆಲೆ ಹಳದಿಯಾಗುತ್ತದೆ, ಹಸಿರು ತಪ್ಪಿದರೆ ಕಡು ಗುಲಾಬಿ. ಕೇಬಲ್ ಕಳಚಿ ತುದಿ ನೋಡಿ: ಪಿನ್ ಬಾಗಿದ್ದರೆ ಸಣ್ಣ ಚಿಮುಟದಿಂದ ನಿಧಾನವಾಗಿ ನೆಟ್ಟಗೆ ಮಾಡಿ. ನಡುಸಾಲಿನಲ್ಲಿ 9ನೆಯ ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಅನೇಕ ಕೇಬಲ್‌ಗಳಲ್ಲಿ ಅದು ಇರುವುದೇ ಇಲ್ಲ. ಮತ್ತೆ ಹಾಕುವಾಗ ಎರಡೂ ಬದಿಯ ತಿರುಪು ಬಿಗಿಮಾಡಿ. ಕೇಬಲ್‌ನ ಭಾರಕ್ಕೆ ತುದಿ ಜೋತುಬೀಳುವುದರಿಂದಲೇ ಎಷ್ಟೋ ಸಲ ಬಣ್ಣ ತಪ್ಪುತ್ತದೆ.

ಪ್ರಶ್ನೆ: ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ.
– ಓದುಗರು, ಪುತ್ತೂರು

ಉತ್ತರ: ವಿಜಿಎಯಲ್ಲಿ ಶಬ್ದ ಹೋಗುವುದೇ ಇಲ್ಲ, ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಕಿಂಡಿಯಿಂದ ಸ್ಪೀಕರ್‌ಗೆ 3.5 ಮಿ.ಮೀ. ಕೇಬಲ್ ಹಾಕಿ. ಎಚ್‌ಡಿಎಂಐ ಆಗಿದ್ದರೆ ಶಬ್ದ ಪ್ರೊಜೆಕ್ಟರ್‌ಗೆ ಹೋಗಿರುತ್ತದೆ, ಆದರೆ ಅದರಲ್ಲಿ ಸ್ಪೀಕರ್ ಇರಲಿಕ್ಕಿಲ್ಲ. ಪರದೆಯ ಕೆಳಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ, ಔಟ್‌ಪುಟ್ ಅನ್ನು ಮತ್ತೆ ಲ್ಯಾಪ್‌ಟಾಪ್‌ಗೆ ಬದಲಿಸಿ.