ಶಾಲು ಹೊದಿಸಿದ್ದು ಸರಿ, ಲೆಕ್ಕ ಎಲ್ಲಿ?

ಕೇಶ್ವಾಪುರದಿಂದ ಪತ್ರ ಬರೆದ ನಿವೃತ್ತ ಶಿಕ್ಷಕಿಯವರಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕರೆಯುವ ಹಾಗೆ ಅಕ್ಕೋರೇ ಅಂತಲೇ ಕರೆಯುತ್ತೇನೆ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ನಡೆದ ಸಹಾಯಾರ್ಥ ಸಂಜೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೆವು. ಊರಿನ ಬೇರೆ ಬೇರೆ ಸಮುದಾಯಗಳ ಹಾಡು, ಕುಣಿತ, ಊಟ, ಜೊತೆಗೆ 10 ಮುಖಂಡರಿಗೆ ಸನ್ಮಾನ. ಟಿಕೆಟ್ 3000 ರೂಪಾಯಿ. ಬಂದ ಹಣ ಬಡ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಂತ ಆಮಂತ್ರಣ ಪತ್ರಿಕೆಯಲ್ಲಿತ್ತು. ಅಕ್ಕೋರು ಅದನ್ನು ಓದಿ ಕೇಳಿದ್ದಾರೆ: ಹಾಸ್ಟೆಲಿಗೆ ಎಷ್ಟು ಹಣ ಹೋಯಿತು? ಸನ್ಮಾನ ಆದವರಲ್ಲಿ ಒಬ್ಬ ಹೆಂಗಸೂ ಇಲ್ಲವಲ್ಲ, ಯಾಕೆ? ಪೇಟ ಸುತ್ತಿ ಐದು ನಿಮಿಷ ಕುಣಿಸಿದರೆ ಅದೇ ಊರಿನ ವೈವಿಧ್ಯವಾ? ಕೊನೆಗೆ, ಇಂಥ ಸಮಾರಂಭ ಬೇಕೇ ಬೇಕಾ?

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಮತ್ತು ಅದು ನನ್ನದೇ ತಪ್ಪು. ನಾನು ಆ ಸಂಜೆ ಅಲ್ಲೇ ಇದ್ದೆ. ದೀಪಾಲಂಕಾರದ ಬಗ್ಗೆ ಬರೆದೆ, ಯಾರು ಯಾರು ಬಂದಿದ್ದರು ಅಂತ ಬರೆದೆ, ಹಣ ಎಷ್ಟು ಕೂಡಿತು ಅಂತ ಕೇಳಲೇ ಇಲ್ಲ. ನಿಮ್ಮ ಪತ್ರ ಬಂದ ಮೇಲೆ ಸಂಘಟಕರಿಗೆ ಎರಡು ಸಲ ಫೋನ್ ಮಾಡಿದೆ. ಖರ್ಚಿನ ಲೆಕ್ಕ ಇನ್ನೂ ಮುಗಿದಿಲ್ಲ ಅಂದರು. ಕೊಟ್ಟ ದಿನ ಹಾಕುತ್ತೇವೆ, ಕೊಡದಿದ್ದರೆ ಕೊಟ್ಟಿಲ್ಲ ಅಂತಲೂ ಹಾಕುತ್ತೇವೆ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇರೆ. ಬೇಕು ಅಕ್ಕೋರೇ. ಹಾಡು, ನಾಟಕ ಮಾಡಿ ಜನರನ್ನು ಸೇರಿಸಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವುದು ನಮಗೆ ಹೊರಗಿನಿಂದ ಬಂದ ರೂಢಿಯಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ನೂರಾರು ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಬೇಕು, ದುಡ್ಡು ಎಲ್ಲಿಂದ ಬರಬೇಕು? ನಾಟಕ ಕಂಪನಿ ಕಟ್ಟಿದರು. ಪುಟ್ಟರಾಜರು ತಾವೇ ನಾಟಕ ಬರೆದರು. ಊರೂರಲ್ಲಿ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದ ತುಲಾಭಾರ ಮಾಡಿದರು, ಆ ನಾಣ್ಯ ಆಶ್ರಮದ ಮಕ್ಕಳಿಗೆ ಹೋಯಿತು. 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಇದು ಹೀಗೇ ನಡೆಯಿತು. ತುಲಾಭಾರದಲ್ಲಿ ಒಂದು ಚಂದ ಇದೆ ನೋಡಿ. ಎಷ್ಟು ಹಣ ಅನ್ನೋದು ಎಲ್ಲರ ಕಣ್ಣೆದುರಿಗೇ ತೂಗುತ್ತದೆ. ಸನ್ಮಾನವೂ ಅದೇ, ಲೆಕ್ಕವೂ ಅದೇ.

ಹೋಟೆಲಿನ ಸಂಜೆಯಲ್ಲಿ ಆ ತಕ್ಕಡಿ ಇರಲಿಲ್ಲ. ಸುಮ್ನೆ ಒಂದು ಅಂದಾಜು ಹಾಕಿ ನೋಡೋಣ. 300 ಜನ ಟಿಕೆಟ್ ತಗೊಂಡರೆ 9 ಲಕ್ಷ. ತಟ್ಟೆಗೆ 1000 ರೂಪಾಯಿ ಊಟ ಅಂದರೆ 3 ಲಕ್ಷ ಅಲ್ಲೇ ಹೋಯಿತು. ಹಾಲ್ ಬಾಡಿಗೆ, ಮೈಕು, ಲೈಟು, ಹೂವು, ಶಾಲು, ಸ್ಮರಣಿಕೆ, ಹೊರಗಿನಿಂದ ಕರೆಸಿದ ನಿರೂಪಕರಿಗೆ ಸಂಭಾವನೆ ಅಂತ ಸೇರಿಸುತ್ತಾ ಹೋದರೆ ಇನ್ನು 3 ಲಕ್ಷ ಸರಾಗವಾಗಿ ಹೋಗುತ್ತದೆ. ಉಳಿಯುವುದು ಟಿಕೆಟ್ ಹಣದ ಮೂರನೇ ಒಂದು ಭಾಗ. ಇವು ನಾನು ಕೂತು ಹಾಕಿದ ಅಂಕಿ, ಅವರ ಲೆಕ್ಕ ಅಲ್ಲ. ಆದರೆ ಇಂಥ ಸಂಜೆಗಳು ಸೋರುವುದು ಹೀಗೇ. ದಾರಿ ಇಲ್ಲ ಅಂತಲ್ಲ. ಊಟ, ಹಾಲ್ ಬಾಡಿಗೆ, ಮೈಕಿನ ಖರ್ಚನ್ನು ಊರಿನ ಅಂಗಡಿಯವರು, ಕಾರ್ಖಾನೆಯವರು ಮೊದಲೇ ಹೊತ್ತುಕೊಂಡರೆ ಟಿಕೆಟಿನ ಪೂರ್ತಿ ಹಣ ಹಾಸ್ಟೆಲಿಗೆ ಹೋಗುತ್ತದೆ. ಹೊರುವವರು ನಮ್ಮ ಊರಲ್ಲಿ ಇದ್ದಾರೆ, ಕೇಳಬೇಕು ಅಷ್ಟೇ.

ಮತ್ತೆ ಲೆಕ್ಕ ಕೇಳುವುದರಲ್ಲಿ ಸಂಕೋಚ ಯಾಕೆ? ಓಣಿಯ ಹುಡುಗರು ಗಣಪತಿಗೆ ಪಟ್ಟಿ ಎತ್ತುತ್ತಾರೆ. ಗಣಪತಿ ಹೋದ ಮೇಲೆ ಜಮಾ-ಖರ್ಚು ಬರೆದು ಗೋಡೆಗೆ ಅಂಟಿಸದಿದ್ದರೆ ಮುಂದಿನ ವರ್ಷ ಯಾರೂ ನೂರು ರೂಪಾಯಿ ಕೊಡುವುದಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಶುರುವಾಗಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ. ರೈತರು ತಮ್ಮ ದುಡ್ಡು ಒಂದು ಕಡೆ ಇಟ್ಟು, ತಾವೇ ವಹಿ ನೋಡಿ, ಒಬ್ಬರನ್ನೊಬ್ಬರು ನಂಬಿದ ನೆಲ ಇದು. 3000 ರೂಪಾಯಿ ಕೊಟ್ಟವರಿಗೆ ಒಂದು ಪುಟದ ಲೆಕ್ಕ ಸಿಗಬಾರದಾ?

ಈಗ ಕುಣಿತದ ವಿಷಯ. ಇದರಲ್ಲಿ ನೀವು ಸ್ವಲ್ಪ ಕಟುವಾದಿರಿ ಅನ್ನಿಸಿತು. ಕಲಘಟಗಿ ಕಡೆಯ ಸಿದ್ದಿ ಸಮುದಾಯದ ಹುಡುಗರು ಡಮಾಮಿ ಡೋಲು ಬಡಿದು ಕುಣಿದಾಗ ಸಭೆ ಮೈಮರೆತಿದ್ದು ನಿಜ, ಆ ಹುಡುಗರ ಮುಖದಲ್ಲಿ ಖುಷಿ ಇದ್ದದ್ದೂ ನಿಜ. ನನಗೆ ನೋವಾಗಿದ್ದು ಆಮೇಲೆ. ಅತಿಥಿಗಳಿಗೆ ಮೇಜಿನ ಮೇಲೆ ಊಟ, ಕುಣಿದ ಹುಡುಗರಿಗೆ ಹಿಂದಿನ ಕೋಣೆಯಲ್ಲಿ ಪ್ಯಾಕೆಟ್ಟು. ನಾನು ಅದನ್ನು ನೋಡಿದೆ, ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಜೊತೆಗೆ ಕೂತು ಉಣ್ಣುವುದು, ಒಬ್ಬರ ಹತ್ತಿರ ಇನ್ನೊಬ್ಬರು ಕಲಿಯುವುದು, ಇದರಿಂದಲೇ ಈ ಊರು ಈ ಊರಾಗಿದೆ. ಉತ್ತರ ಪ್ರದೇಶದ ಕೈರಾನಾದವರು ಉಸ್ತಾದ್ ಅಬ್ದುಲ್ ಕರೀಂ ಖಾನರು. ಅವರ ಹತ್ತಿರ ಕುಂದಗೋಳದ ಸವಾಯಿ ಗಂಧರ್ವರು ಸಂಗೀತ ಕಲಿತರು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಧಾರವಾಡದ ಪೇಢೆ ಅಂತ ಹೆಮ್ಮೆಯಿಂದ ಕೊಡುತ್ತೇವಲ್ಲ, ಅದನ್ನು ಮಾಡಲು ಶುರು ಮಾಡಿದ್ದು ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ, ಹಾಲು ಕೊಟ್ಟಿದ್ದು ನಮ್ಮ ಗವಳಿಗರ ಎಮ್ಮೆ. ರೈಲ್ವೆ ವರ್ಕ್‌ಶಾಪ್ ಬಂದ ಮೇಲೆ ತೆಲುಗರು, ತಮಿಳರು ಬಂದು ಇಲ್ಲಿಯವರೇ ಆದರು. ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಒಂದೂ ಮುಸ್ಲಿಂ ಮನೆ ಇರುವುದಿಲ್ಲ, ಆದರೂ ಮೊಹರಂ ಬಂದರೆ ಊರವರೇ ಅಲಾಯಿ ದೇವರು ಕೂರಿಸಿ ಹೆಜ್ಜೆ ಹಾಕುತ್ತಾರೆ. ಇಷ್ಟನ್ನು ಒಂದು ಸಂಜೆಯಲ್ಲಿ ತೋರಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಸಿದ್ದಿ ಹುಡುಗರನ್ನು ಅತಿಥಿಗಳ ಮೇಜಿನಲ್ಲೇ ಕೂರಿಸಿದ್ದರೆ ಮಾತು ಶುರುವಾಗುತ್ತಿತ್ತು. ಅವರು ಯಾವ ಊರಿನವರು, ಏನು ಓದುತ್ತಿದ್ದಾರೆ ಅಂತ ಯಾರಾದರೂ ಕೇಳುತ್ತಿದ್ದರು.

ಸನ್ಮಾನದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹತ್ತೂ ಜನ ತಮ್ಮ ತಮ್ಮ ಸಮಾಜದ ಅಧ್ಯಕ್ಷರು, ಕಾರ್ಯದರ್ಶಿಗಳು. ಅವರಲ್ಲಿ ಮೂರ್ನಾಲ್ಕು ಜನ ನಿಜಕ್ಕೂ ಕೆಲಸ ಮಾಡಿದವರು, ನನಗೆ ಗೊತ್ತು, ಅವರ ಬಗ್ಗೆ ಎರಡು ಮಾತಿಲ್ಲ. ಆದರೆ ಹುದ್ದೆ ನೋಡಿ ಪಟ್ಟಿ ಮಾಡಿದರೆ ಹೆಂಗಸರು ಬರುವುದೇ ಇಲ್ಲ, ಯಾಕೆಂದರೆ ಹುದ್ದೆಯಲ್ಲಿ ಹೆಂಗಸರನ್ನು ಕೂರಿಸಿಯೇ ಇಲ್ಲ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅಂಥ ಕಡೆ ಹೋಗಿ, ನಿಮ್ಮ ಓಣಿಯಲ್ಲಿ ಕಷ್ಟ ಬಂದರೆ ಯಾರ ಮನೆ ಬಾಗಿಲು ಬಡಿಯುತ್ತೀರಿ ಅಂತ ಕೇಳಿದ್ದರೆ ಹತ್ತು ಹೆಸರು ಒಂದೇ ತಾಸಿನಲ್ಲಿ ಸಿಗುತ್ತಿದ್ದವು. ಮುಖಂಡರು ಅಂದರೆ ನನ್ನ ಮಟ್ಟಿಗೆ ಅವರೇ.

ಹಾಗಾಗಿ ಇನ್ನು ಮುಂದೆ ನಮ್ಮ ಪತ್ರಿಕೆ ಒಂದು ನಿಯಮ ಇಟ್ಟುಕೊಳ್ಳುತ್ತದೆ. ಸಹಾಯಾರ್ಥ ಕಾರ್ಯಕ್ರಮದ ವರದಿ ಹಾಕಿದರೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ತಲುಪಿತು ಅಂತ ಮೂರು ಅಂಕಿ ಜೊತೆಗೇ ಇರುತ್ತದೆ. ಅಂಕಿ ಸಿಗದಿದ್ದರೆ ಫೋಟೋ ಒಂದೇ, ನಾಲ್ಕು ಪುಟ ಇಲ್ಲ. ಹಾಸ್ಟೆಲಿಗೆ ನಾನೇ ಹೋಗಿ ಬರುತ್ತೇನೆ. ಅಲ್ಲಿನ ಮಕ್ಕಳಿಗೆ ಬೇಕಾಗಿದ್ದು ಹಾಸಿಗೆಯೋ, ಬಿಸಿನೀರೋ, ಪುಸ್ತಕವೋ, ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಇನ್ನೊಂದು. ನಿಮ್ಮ ಪತ್ರದ ಕೊನೆಯಲ್ಲಿ ಎರಡೇ ಸಾಲಿನಲ್ಲಿ ನಿಮ್ಮ ಓಣಿಯ ಒಬ್ಬ ತೆಲುಗು ತಾಯಿಯ ಬಗ್ಗೆ ಬರೆದಿದ್ದೀರಿ. ಮಾವ ರೈಲ್ವೆಯಲ್ಲಿದ್ದರಂತೆ. ಯಾರ ಮನೆಯ ಬಸುರಿಗೆ ರಾತ್ರಿ ನೋವು ಬಂದರೂ ಇವರೇ ಆಟೋ ಕರೆಸಿ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬೆಳಗಿನ ತನಕ ಕೂರುತ್ತಾರಂತೆ, ಜಾತಿ ಕೇಳಿದ್ದಿಲ್ಲ, ದುಡ್ಡು ಮುಟ್ಟಿದ್ದಿಲ್ಲ. ಆ ಎರಡು ಸಾಲು ನಮ್ಮ ನಾಲ್ಕು ಪುಟಕ್ಕಿಂತ ಜಾಸ್ತಿ ಹೇಳಿತು. ಅವರು ಒಪ್ಪಿದರೆ ಅವರ ಜೊತೆ ಮಾತಾಡಬೇಕು ಅಂತ ನಮ್ಮ ವರದಿಗಾರ್ತಿ ಗುರುವಾರ ಸಂಜೆ ನಿಮ್ಮ ಮನೆಗೆ ಬರುತ್ತಾರೆ. ಹೊಸಬರ ಮುಂದೆ ಅವರು ಬಾಯಿ ಬಿಡುವುದಿಲ್ಲ ಅಂತ ನೀವೇ ಬರೆದಿದ್ದೀರಿ, ಅದಕ್ಕೇ ನೀವೂ ಜೊತೆಗಿರಿ ಅಕ್ಕೋರೇ.